ದಾಸಿಗೆ ಕೈಮುಗಿದ ಸಭೆ

ಲಂಡನ್ನಿನ ವಾಯುವ್ಯ ಮೂಲೆಯ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಇತಿಹಾಸ ಪಾಠ ಮಾಡುತ್ತೇನೆ. ಹದಿಮೂರು ಹದಿನಾಲ್ಕರ ಮಕ್ಕಳಿಗೆ ಪ್ರತಿ ವರ್ಷ ಅಮೆರಿಕದ ಗುಲಾಮಗಿರಿಯ ಪಾಠ ಬರುತ್ತದೆ. ಈ ಪಾಠವೆಂದರೆ ಎಲ್ಲರಿಗೂ ಇಷ್ಟ. ಮಕ್ಕಳಿಗೆ ಇಷ್ಟ, ಏಕೆಂದರೆ ಕೆಟ್ಟವರು ಯಾರೆಂದು ಮೊದಲ ದಿನವೇ ಗೊತ್ತಾಗಿಬಿಡುತ್ತದೆ. ನನ್ನ ಸಹೋದ್ಯೋಗಿಗಳಿಗೆ ಇಷ್ಟ, ಏಕೆಂದರೆ ಆ ಕೆಟ್ಟವರು ಸಾಗರದ ಆಚೆ ದಡದಲ್ಲಿದ್ದಾರೆ. ಇಂಗ್ಲಿಷರ ಹಡಗುಗಳು ಒಂದು ಪುಟದಲ್ಲಿ ಬಂದು, ಮುಂದಿನ ಪುಟದಲ್ಲಿ ಪಶ್ಚಾತ್ತಾಪ ಪಟ್ಟು, ಹೊರಟುಹೋಗುತ್ತವೆ. ನಮ್ಮ ವಿಭಾಗದ ಮುಖ್ಯಸ್ಥರು ಈ ಪಾಠವನ್ನು ಯಾವಾಗಲೂ ನನಗೇ ಒಪ್ಪಿಸುತ್ತಾರೆ. ನನ್ನಂಥವರು ಹೇಳಿದರೆ ಅದಕ್ಕೊಂದು ತೂಕ ಬರುತ್ತದಂತೆ. ಮೈಸೂರಿನ ಅಗ್ರಹಾರದಲ್ಲಿ ಮೊಸರನ್ನ ತಿಂದು ಬೆಳೆದವಳಿಗೆ ಅಮೆರಿಕದ ಹತ್ತಿ ಹೊಲದ ಬಗ್ಗೆ ಹುಟ್ಟಿನಿಂದಲೇ ಏನು ತಿಳಿದಿರುತ್ತದೆಂದು ಅವರು ಎಣಿಸಿದ್ದಾರೋ, ನಾನು ಕೇಳಲು ಹೋಗಿಲ್ಲ.

ಪಾಠ ಮಾಡುವ ನನ್ನ ರೀತಿ ಬೇರೆ. ಪಠ್ಯಪುಸ್ತಕ ಮುಚ್ಚಿಸಿ, ಗುಲಾಮರಾಗಿದ್ದವರೇ ತಪ್ಪಿಸಿಕೊಂಡು ಬಂದ ಮೇಲೆ ಬರೆದ ಆತ್ಮಕಥೆಗಳ ಪುಟಗಳನ್ನು ಹಂಚುತ್ತೇನೆ. ಕಥೆಗೂ ಮೊದಲು ಅವುಗಳ ಮುನ್ನುಡಿ ಓದಿಸುತ್ತೇನೆ. ಆ ಕಾಲದಲ್ಲಿ ಇಂಥ ಪುಸ್ತಕ ಅಚ್ಚಾಗಬೇಕಾದರೆ ಅನೇಕ ಸಲ ಯಾರಾದರೊಬ್ಬ ಬಿಳಿಯ ಗಣ್ಯರು ಮುಂದೆ ನಿಂತು, ಇವನನ್ನು ನಾನು ಬಲ್ಲೆ, ಒಳ್ಳೆಯ ನಡತೆಯವನು, ಇವನು ಹೇಳುವುದೆಲ್ಲ ನಿಜ ಎಂದು ಪ್ರಮಾಣಪತ್ರ ಕೊಡಬೇಕಿತ್ತು. ಮುಖಪುಟದ ಮೇಲೆ ತಾನೇ ಬರೆದದ್ದು ಎಂದು ಬೇರೆ ಹಾಕಿಸಬೇಕಿತ್ತು. ಬೆನ್ನ ಮೇಲಿನ ಬಾಸುಂಡೆ ಸಾಕ್ಷಿಗೆ ಸಾಲುತ್ತಿರಲಿಲ್ಲ. ಇದು ಮಕ್ಕಳ ತಲೆಗೆ ಹೋಗಲೆಂದು ಒಂದು ಮನೆಗೆಲಸ ಕೊಡುತ್ತೇನೆ: ಬೆಳಿಗ್ಗೆ ಏನು ತಿಂದಿರೆಂದು ಬರೆಯಿರಿ, ಅದು ನಿಜವೆಂದು ಒಬ್ಬ ಗಣ್ಯರಿಂದ ಬರೆಸಿಕೊಂಡು ಬನ್ನಿ. ಕಳೆದ ವರ್ಷ ಒಬ್ಬಳು ತಾನು ಟೋಸ್ಟ್ ತಿಂದದ್ದಕ್ಕೆ ಬಸ್ ಡ್ರೈವರ್ ಕೈಯಲ್ಲಿ ಸಹಿ ಹಾಕಿಸಿಕೊಂಡು ಬಂದಿದ್ದಳು. ಆಮೇಲೆ ಅವಳಿಗೆ ಸಿಟ್ಟೂ ಬಂತು. ನಾನು ತಿಂದದ್ದು ನನಗೆ ಗೊತ್ತಿಲ್ಲವೇ ಎಂದು ಕೇಳಿದಳು. ಅವಳು ನಮ್ಮ ಕನ್ನಡದ ಹುಡುಗಿ. ನಾನು ಹೇಳಹೊರಟಿರುವುದು ಅವಳ ವಿಷಯವನ್ನೇ.

ಅವಳ ಮನೆ ಕೊಲಿಂಡೇಲ್‌ನಲ್ಲಿ, ಹೊಸದಾಗಿ ಎದ್ದ ಕಟ್ಟಡವೊಂದರ ಮೇಲಿನ ಮಹಡಿಯ ಫ್ಲಾಟು. ಅಪ್ಪ ಬೆಂಗಳೂರಿನ ಸಾಫ್ಟ್‌ವೇರಿನವರು, ಅಮ್ಮ ಧಾರವಾಡದ ಡಾಕ್ಟರು. ಶನಿವಾರ ಕೆಂಟನ್ನಿನ ಚರ್ಚ್ ಹಾಲ್‌ನಲ್ಲಿ ನಾನು ನಡೆಸುವ ಕನ್ನಡ ತರಗತಿಗೂ ಅವಳು ಬರುತ್ತಾಳೆ. ಹೀಗಾಗಿ ವಾರದ ದಿನ ನಾನು ಅವಳಿಗೆ ಮಿಸ್, ಶನಿವಾರ ಆಂಟಿ. ಮಿಸ್ ಕಂಡರೆ ಹೆದರಿಕೆಯಿದೆ, ಆಂಟಿ ಕಂಡರೆ ಇಲ್ಲ. ನಮ್ಮ ಎಲ್ಲ ಮಕ್ಕಳಂತೆ ಅವಳಿಗೂ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಊರಿಂದ ಬಂದು ಆರು ತಿಂಗಳಿಗೆಂದು ಉಳಿದಿದ್ದ ಅಜ್ಜಿಯ ಜೊತೆ ಅವಳ ಮಾತುಕತೆ ಹೂಂ, ಊಹೂಂ, ಸಾಕು ಎಂಬಷ್ಟರಲ್ಲಿ ಮುಗಿಯುತ್ತಿತ್ತು. ಅಜ್ಜಿಗೆ ಇಂಗ್ಲಿಷ್ ಬಾರದು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಪ್ರಾಣ, ಆದರೆ ಆ ಪ್ರಾಣವನ್ನು ಯಾವ ಭಾಷೆಯಲ್ಲಿ ಇಡುವುದೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಈ ತರಗತಿ ನಡೆಸುವ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವ ಹತ್ತಿರ ಬಂತು. ಪ್ರತಿ ಮಗುವೂ ಕನ್ನಡದಲ್ಲಿ ಏನಾದರೊಂದು ಹೇಳಬೇಕು. ಸಾಮಾನ್ಯವಾಗಿ ಅಮ್ಮಂದಿರು ಬರೆದು, ಅಪ್ಪಂದಿರು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ, ಮಕ್ಕಳು ಗಿಣಿಪಾಠ ಒಪ್ಪಿಸಿ ಬರುತ್ತಾರೆ. ಇವಳು ಮಾತ್ರ ತಾನೇ ಬರೆಯುತ್ತೇನೆಂದು ಹಟ ಹಿಡಿದಳು. ಶಾಲೆಯಲ್ಲಿ ಓದಿದ ಹಲವರ ಪಾಡನ್ನು ಸೇರಿಸಿ, ಅದನ್ನು ಒಬ್ಬ ಹೆಂಗಸಿನ ಬಾಯಲ್ಲಿ ಹೇಳಿಸಿ, ಒಂದು ಪುಟ ಕಟ್ಟಿದಳು. ತಾನು ಶಾಲೆಯಲ್ಲಿ ಏನು ಓದುತ್ತೇನೆಂದು ಅಜ್ಜಿಗೆ ಗೊತ್ತಾಗಬೇಕು, ಊರಿಗೆ ಹೋಗುವ ಮೊದಲು ಒಂದು ಸಲವಾದರೂ ತನ್ನ ಮಾತು ಅಜ್ಜಿಗೆ ಪೂರ್ತಿ ಅರ್ಥವಾಗಬೇಕು ಎಂದು ನನಗೆ ಹೇಳಿದಳು. ಅಜ್ಜಿಯ ಟಿಕೆಟ್ಟು ಉತ್ಸವದ ಮರುವಾರಕ್ಕೇ ಇತ್ತು.

ಪೂರ್ವಾಭ್ಯಾಸದ ದಿನ ಅವಳು ಹಾಲ್‌ನ ಮುಂದೆ ನಿಂತು ಓದಿದಳು: "ನನ್ನ ತಾಯಿ ದಾಸಿ. ಅದಕ್ಕೇ ನಾನೂ ದಾಸಿ. ನಾನು ಹುಟ್ಟಿದ ದಿನ ನನಗೆ ಗೊತ್ತಿಲ್ಲ. ಈ ಮೈ ನನ್ನದಲ್ಲ, ಒಡೆಯನದು. ಒಡೆಯ ಕರೆದಾಗ ಹೋಗಲೇಬೇಕು."

ನಾನು ಇದನ್ನು ಕಾಗದದ ಮೇಲೆ ಓದಿ, ಕಾಗುಣಿತ ತಿದ್ದಿ, ಚೆನ್ನಾಗಿದೆ ಎಂದು ಸಹ ಬರೆದಿದ್ದೆ. ಕಿವಿಗೆ ಬಿದ್ದಾಗಲೇ ಏನಾಗಿದೆಯೆಂದು ತಿಳಿದದ್ದು. ಮುಂದಿನ ಸಾಲಿನ ಹೆಂಗಸರು ಕೈಮುಗಿದಿದ್ದರು. ಒಬ್ಬರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಇಂಗ್ಲಿಷಿನಲ್ಲಿ ಯೋಚಿಸುವ ಮಗು ಸ್ಲೇವ್ ಎಂಬುದಕ್ಕೆ ಕನ್ನಡ ಹುಡುಕಿ ನಿಘಂಟು ತೆರೆದರೆ ಮೊದಲು ಸಿಗುವ ಪದ ದಾಸಿ. ಆದರೆ ನಮ್ಮವರ ಕಿವಿಯಲ್ಲಿ ದಾಸ ಎಂದರೆ ತಂಬೂರಿ, ಗೆಜ್ಜೆ, ಏಕಾದಶಿ. ನಮ್ಮ ನಾಡಿನಲ್ಲಿ ದಾಸನಾಗುವುದು ಬಡ್ತಿ. ಹುಟ್ಟಿದ ದಿನ ತಿಳಿಯದಿರುವುದು ವೈರಾಗ್ಯ, ಮೈ ತನ್ನದಲ್ಲವೆನ್ನುವುದು ಅಧ್ಯಾತ್ಮ, ಇನ್ನು ಒಡೆಯ ಕರೆದಾಗ ಹೋಗುವುದಂತೂ ಸಾಕ್ಷಾತ್ ಮೋಕ್ಷ.

ನಮ್ಮ ಸಂಘದ ಅಧ್ಯಕ್ಷರು ಮೈಸೂರಿನವರು, ಇಲ್ಲಿನ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸಕರಾಗಿದ್ದು ನಿವೃತ್ತರಾದವರು, ನಿಜಕ್ಕೂ ಒಳ್ಳೆಯ ಮನುಷ್ಯರು. ಈ ವಯಸ್ಸಿಗೇ ಎಂಥ ಶರಣಾಗತಿ ಎಂದು ಅವರು ಗದ್ಗದರಾದರು. ಇದನ್ನು ದೀಪ ಬೆಳಗಿದ ಕೂಡಲೇ ಇಡೋಣ, ಹಿಂದೆ ಫೋನಿನಲ್ಲಿ ಶ್ರುತಿ ಹಾಕೋಣ, ಇದಾದ ಮೇಲೆ ಭಜನೆ ಮಂಡಳಿಯವರು ಎತ್ತಿಕೊಳ್ಳಲಿ ಎಂದು ಅಲ್ಲೇ ಕಾರ್ಯಕ್ರಮ ಬದಲಾಯಿಸಿದರು. ಅಜ್ಜಿ ಎದ್ದು ಬಂದು ಮೊಮ್ಮಗಳ ಕೆನ್ನೆ ನೀವಿ, ತನ್ನ ಕಣತಲೆಗೆ ಬೆರಳೊತ್ತಿ ಲಟಲಟ ನೆಟಿಗೆ ಮುರಿದು ದೃಷ್ಟಿ ತೆಗೆದರು.

ಹುಡುಗಿ ನನ್ನ ಹತ್ತಿರ ಬಂದು, "ಮಿಸ್, ಇವರೆಲ್ಲ ಇದು ದೇವರ ಬಗ್ಗೆ ಅಂದ್ಕೊಂಡಿದಾರಾ?" ಎಂದಳು. ಶನಿವಾರ ಅವಳು ನನ್ನನ್ನು ಮಿಸ್ ಎಂದದ್ದು ಅದೇ ಮೊದಲು, ಕನ್ನಡದಲ್ಲಿ ಸಿಟ್ಟಾದದ್ದೂ ಅದೇ ಮೊದಲು. ಹೌದು ಎಂದೆ. ಅಜ್ಜಿಯೂ ಹಾಗೇ ಅಂದುಕೊಂಡರಾ ಎಂದಳು. ಅಜ್ಜಿಯೂ ಹಾಗೇ ಎಂದೆ. ಅವಳ ಮುಖ ಸಣ್ಣದಾಯಿತು. ಇವರಿಗೆ ಅರ್ಥವಾಗುವ ಹಾಗೆ ಬರೆಯುತ್ತೇನೆ, ಇಲ್ಲದಿದ್ದರೆ ನಾನು ಓದುವುದೇ ಇಲ್ಲ ಎಂದಳು.

ನಾನು ಅಧ್ಯಕ್ಷರಿಗೆ ವಿಷಯ ತಿಳಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಅಲ್ಲಮ್ಮಾ, ಎರಡೂ ಅರ್ಥ ಬರುತ್ತಲ್ಲ. ನಾವಾಗೇ ಯಾಕೆ ಬಿಡಿಸಿ ಹೇಳೋಕೆ ಹೋಗ್ಬೇಕು?" ಎಂದರು. ಕೊನೆಗೆ ಅವರೇ ಒಂದು ದಾರಿ ಹುಡುಕಿದರು. ಹುಡುಗಿ ಓದುವ ಮೊದಲು ತಾವು ನಾಲ್ಕು ಮಾತು ಆಡುವುದಾಗಿ, ಮಗು ಒಳ್ಳೆಯ ಮನೆತನದವಳು, ಇದನ್ನು ತಾನೇ ಬರೆದಿದ್ದಾಳೆ, ನಾನು ನೋಡಿದ್ದೇನೆ ಎಂದು ಸಭೆಗೆ ಹೇಳುವುದಾಗಿ ಅಂದರು. ನನಗೆ ನಗು ತಡೆಯಲಾಗಲಿಲ್ಲ. ಏಕೆಂದು ಅವರಿಗೆ ತಿಳಿಯಲಿಲ್ಲ, ಹಿರಿಯರನ್ನು ಕಂಡು ನಗುವ ಟೀಚರು ಎಂದು ಬೇಸರ ಮಾಡಿಕೊಂಡರು.

ಆ ವಾರವೆಲ್ಲ ಹುಡುಗಿ ಮಧ್ಯಾಹ್ನದ ಬಿಡುವಿನಲ್ಲಿ ನನ್ನ ಕೋಣೆಗೆ ಬಂದು ಪದ ಹುಡುಕಿದಳು. ಗುಲಾಮ ಎಂದೆ. ಅವಳು ಬೇಡವೆಂದಳು. ಅಪ್ಪ ಅವಳಿಗೆ ಇಸ್ಪೀಟು ಕಲಿಸುವಾಗ ರಾಜ, ರಾಣಿ, ಗುಲಾಮ ಎಂದೇ ಕಲಿಸಿದ್ದರು. ರೇಷ್ಮೆ ಅಂಗಿ ಹಾಕಿಕೊಂಡು, ಗುಂಗುರು ಕೂದಲು ಬಿಟ್ಟುಕೊಂಡು, ರಾಣಿಯ ಪಕ್ಕ ಕೂರುವ ಆ ಜಾಕ್‌ಗೂ ಹೊಲದಲ್ಲಿ ಹೊಡೆತ ತಿನ್ನುವವಳಿಗೂ ಎಲ್ಲಿಯ ಸಂಬಂಧ? ಜೀತ ಎಂದೆ. ಅದು ಸಾಲಕ್ಕೆ ದುಡಿಯುವುದು, ಈ ಹೆಂಗಸು ಯಾರಿಗೆ ಸಾಲ ಮಾಡಿದ್ದಳು ಎಂದಳು. ಆಳು ಎಂದೆ. ಅವಳು ನಿಘಂಟು ನೋಡಿದಳು. ಆಳು ಎಂದರೆ ಸೇವಕ, ಆಳು ಎಂದರೆ ಆಳ್ವಿಕೆ ಮಾಡು. ದುಡಿಯುವವನಿಗೂ ದುಡಿಸುವುದಕ್ಕೂ ಒಂದೇ ಪದವೇ ಎಂದು ನನ್ನ ಮುಖ ನೋಡಿದಳು. ಹಾಗೆ ನೋಡಿದರೆ ಅದೊಂದು ದೊಡ್ಡ ಅನುಕೂಲ, ಯಾರು ಯಾರೆಂದು ಬಿಡಿಸಿ ಹೇಳುವ ಕಷ್ಟವಿಲ್ಲ. ಇಷ್ಟು ದಿನ ಕನ್ನಡ ಮಾತಾಡಿ, ಕನ್ನಡ ಕಲಿಸಿ, ನನಗೆ ಅದು ಹೊಳೆದೇ ಇರಲಿಲ್ಲ.

ಭಾನುವಾರ ಅವಳ ಅಮ್ಮ ನನಗೆ ಫೋನ್ ಮಾಡಿ ಮನೆಗೆ ಕರೆದರು. ಇದನ್ನೆಲ್ಲ ಬಿಟ್ಟು ಒಂದು ಭಾವಗೀತೆ ಹೇಳುವಂತೆ ನೀವೇ ಅವಳನ್ನು ಒಪ್ಪಿಸಿ, ನಿಮ್ಮ ಮಾತು ಕೇಳುತ್ತಾಳೆ ಎಂದರು. ನಾನು ಹೋದಾಗ ಅಜ್ಜಿ ಒಣಮೆಣಸಿನಕಾಯಿ ಹುರಿಯುತ್ತಿದ್ದರು. ಕೊಲಿಂಡೇಲ್‌ನ ಫ್ಲಾಟುಗಳಲ್ಲಿ ಮೆಣಸಿನಕಾಯಿ ಹುರಿದರೆ ಚಾವಣಿಯ ಅಲಾರಂ ಬಾಯಿ ಬಡಿದುಕೊಳ್ಳುತ್ತದೆ. ಅಜ್ಜಿ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಟವೆಲ್ ಬೀಸುತ್ತ ಹುರಿಯುವುದನ್ನು ಕಲಿತಿದ್ದರು. ಡ್ಯೂಟಿ ಮುಗಿಸಿ ಬಂದಿದ್ದ ಅಮ್ಮ ಚಹಾ ಹಿಡಿದು ಕೂತಿದ್ದರು. ಹುಡುಗಿ ಟೇಬಲ್ ಮೇಲೆ ಕಾಗದ ಹರಡಿಕೊಂಡಿದ್ದಳು.

ನಾನು ಅಜ್ಜಿಗೆ ಸಂಗತಿ ಬಿಡಿಸಿ ಹೇಳಿದೆ. ಇದು ದೇವರ ದಾಸಿಯಲ್ಲ, ಮನುಷ್ಯರು ಕೊಂಡು ತಂದು ಮನೆಯಲ್ಲಿಟ್ಟುಕೊಂಡ ಹೆಂಗಸು, ಅವಳ ಮಕ್ಕಳೂ ಆ ಮನೆಯ ಸ್ವತ್ತು, ಅಂಥವಳಿಗೆ ಕನ್ನಡದಲ್ಲಿ ಪದ ಸಿಗುತ್ತಿಲ್ಲ ಎಂದೆ. ಅಜ್ಜಿ ಟವೆಲ್ ಹೆಗಲಿಗೆ ಹಾಕಿಕೊಂಡರು.

"ತೊತ್ತು ಅನ್ನು. ಅದ ಅಲ್ಲೇನ ನಿನಗ ಬೇಕಾಗಿದ್ದು?"

ಅಮ್ಮ ಚಹಾದ ಲೋಟ ಕೆಳಗಿಟ್ಟರು. "ಅವ್ವಾ, ಅದು ಬೈಗಳ."

"ಈಗ ಬೈಗಳ ಆಗೇತಿ," ಎಂದರು ಅಜ್ಜಿ. "ಆವಾಗ ಮಂದಿ ಇದ್ರು."

ಆ ಪದವನ್ನು ನಾನು ಮೈಸೂರಿನಲ್ಲಿ ನಲ್ಲಿಯ ಹತ್ತಿರದ ಜಗಳಗಳಲ್ಲಿ ಮಾತ್ರ ಕೇಳಿದ್ದೆ. ಅದಕ್ಕೆ ಒಬ್ಬ ಮಗನನ್ನು ಸೇರಿಸಿ ಬೈಯುತ್ತಿದ್ದರು, ಒಳಗೆ ಬಾ ಎಂದು ನನ್ನಮ್ಮ ಕಿವಿ ಹಿಡಿದು ಎಳೆಯುತ್ತಿದ್ದಳು. ಅದಕ್ಕೊಂದು ಅರ್ಥವಿದ್ದೀತೆಂದು ಯೋಚಿಸಿಯೇ ಇರಲಿಲ್ಲ. ಹುಡುಗಿಗೆ ಮಾತ್ರ ಆ ಪದದ ಜೊತೆ ಯಾವ ಜಗಳವೂ ನೆನಪಿರಲಿಲ್ಲ. ಅವಳು ಅದನ್ನು ಕನ್ನಡದಲ್ಲೇ ಬರೆದುಕೊಂಡು, ತಲೆಯೆತ್ತಿ, ನಿನಗೆ ಯಾರಾದರೂ ಗೊತ್ತಿದ್ದರಾ ಅಜ್ಜಿ ಎಂದು ಕೇಳಿದಳು.

ಅಜ್ಜಿ ಒಲೆ ಆರಿಸಿದರು. "ನಮ್ಮ ಅಜ್ಜಿ ಲಗ್ನದಾಗ ತವರಿಂದ ಬಳುವಳಿ ಕೊಟ್ಟಿದ್ರು. ಎರಡು ಎಮ್ಮಿ, ಒಂದು ತಾಮ್ರದ ಹಂಡೆ, ಆಕಿ. ನಾ ಸಣ್ಣಾಕಿದ್ದಾಗ ಆಕಿ ಭಾಳ ಮುದುಕಿ ಆಗಿದ್ಲು. ನನಗ ನೀರ ಎರದಾಕಿ ಆಕೀನ."

"ಅವಳ ಹೆಸರೇನು?"

"ಯಾರೂ ಹೆಸರ ಹಿಡದು ಕರೀತಿರಲಿಲ್ಲ." ಅಜ್ಜಿ ಮೆಣಸಿನಕಾಯಿಯನ್ನು ತಟ್ಟೆಗೆ ಸುರಿದರು. "ಆದ್ರ ಮನಿ ಮಂದಿ ಹಂಗ ಇದ್ಲು."

ಹುಡುಗಿ ಇಂಗ್ಲಿಷಿನಲ್ಲಿ ಏನೋ ಅಂದಳು. ಅಜ್ಜಿ ನನ್ನ ಕಡೆ ತಿರುಗಿ, ಏನಂತಾಳ್ರೀ ಅಕ್ಕೋರ ಈಕಿ ಎಂದರು. ಅವರ ಕಡೆ ಟೀಚರನ್ನು ಅಕ್ಕೋರು ಎನ್ನುತ್ತಾರೆ. ಅಮ್ಮ ಬೇಡವೆಂದು ಕಣ್ಣು ಮಾಡಿದರು. ನಾನು ಹೇಳಿಯೇ ಬಿಟ್ಟೆ. ತಾನು ಓದಿದ ಕಥೆಗಳಲ್ಲಿ ಒಡತಿಯರೆಲ್ಲ ಇದೇ ಮಾತು ಹೇಳುತ್ತಾರಂತೆ, ನಮ್ಮ ಮನೆಯವಳ ಹಾಗೇ ಇದ್ದಳು ಎಂದು. ಅಜ್ಜಿಗೆ ಕೋಪ ಬರುತ್ತದೆಂದುಕೊಂಡೆ. ಅವರು ಕೋಪಿಸಿಕೊಳ್ಳಲಿಲ್ಲ. ಹುಡುಗಿಯನ್ನು ನೋಡುತ್ತ ನಿಂತರು, ನಿಧಾನವಾಗಿ ಹೌದೇನು ಎಂದರು, ಆಮೇಲೆ ಮೆಣಸಿನಕಾಯಿ ಪುಡಿಮಾಡಲು ಹೋದರು. ಚಟ್ನಿಪುಡಿ ಡಬ್ಬಿಗೆ ಹಾಕಿಕೊಟ್ಟರು. ನಾನು ಭಾವಗೀತೆಯ ಮಾತೇ ಎತ್ತದೆ ಡಬ್ಬಿ ಹಿಡಿದುಕೊಂಡು ಟ್ಯೂಬ್ ರೈಲು ಹತ್ತಿದೆ.

ಉತ್ಸವದ ದಿನ ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದು, ಮಗು ತಿದ್ದಿಕೊಂಡಿದೆಯಲ್ಲವೇ ಎಂದು ಕೇಳಿದರು. ಚೆನ್ನಾಗಿ ತಿದ್ದಿಕೊಂಡಿದೆ ಎಂದೆ. ಅದರಲ್ಲಿ ಸುಳ್ಳೇನೂ ಇಲ್ಲ. ಹೇಗೆ ಎಂದು ಅವರು ಕೇಳಲಿಲ್ಲ, ಕೇಳದ್ದನ್ನು ನಾನು ಹೇಳಲಿಲ್ಲ.

ದೀಪ ಬೆಳಗಿದ ಮೇಲೆ ಅವರು ಮೈಕಿನ ಮುಂದೆ ನಿಂತು ಹುಡುಗಿಗೆ ಪ್ರಮಾಣಪತ್ರ ಕೊಟ್ಟರು. ಒಳ್ಳೆಯ ಮನೆತನ, ತಾಯಿ ಡಾಕ್ಟರು, ಅಜ್ಜಿ ಧಾರವಾಡದಿಂದ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದಾರೆ, ಮಗು ತಾನೇ ಬರೆದಿದೆ, ನಾನು ಖುದ್ದು ನೋಡಿದ್ದೇನೆ. ನಾನು ಹಿಂದೆ ನಿಂತು ಈ ಮುನ್ನುಡಿ ಕೇಳಿದೆ. ಪ್ರತಿ ವರ್ಷ ತರಗತಿಯಲ್ಲಿ ಹಂಚುವ ಪುಟಗಳಿಗಿಂತ ಇದೇ ಉದ್ದವಾಗಿತ್ತು. ಯಾರೋ ಫೋನಿನಲ್ಲಿ ಶ್ರುತಿ ಹಾಕಿದರು.

"ನನ್ನ ತಾಯಿ ತೊತ್ತು," ಎಂದಳು ಹುಡುಗಿ. "ಅದಕ್ಕೇ ನಾನೂ ತೊತ್ತು."

ಹಾಲ್ ಎರಡು ಪಾಲಾಯಿತು. ಕನ್ನಡ ಸರಿಯಾಗಿ ಬರುವವರೆಲ್ಲ ಬೆಚ್ಚಿದರು, ಬಾರದವರೆಲ್ಲ ಚಪ್ಪಾಳೆ ತಟ್ಟಿದರು. ಆಮೇಲೆ ಬಾರದವರು ಬರುವವರ ಮುಖ ನೋಡಿ ಕೈ ನಿಲ್ಲಿಸಿದರು. ಅವಳು ಮಾತ್ರ ಓದುತ್ತಲೇ ಹೋದಳು. ಹುಟ್ಟಿದ ದಿನ ಗೊತ್ತಿಲ್ಲ ಎಂದಳು, ಈ ಮೈ ನನ್ನದಲ್ಲ ಎಂದಳು. ಒಡೆಯ ಕರೆದಾಗ ಹೋಗಲೇಬೇಕು ಎಂದಾಗ, ಮೊನ್ನೆ ಇದೇ ಮಾತಿಗೆ ಕಣ್ಣೊರೆಸಿಕೊಂಡಿದ್ದವರು ಅರ್ಧ ಮುಗಿದ ಕೈಯನ್ನು ಇಳಿಸಿ ಸೀರೆಯ ಮಡಿಲಲ್ಲಿ ಬಚ್ಚಿಟ್ಟುಕೊಂಡರು. ಒಂದು ಪದ ಬದಲಾದದ್ದಕ್ಕೆ ಉಳಿದ ಪುಟವೆಲ್ಲ ಬದಲಾಗಿತ್ತು. ಶ್ರುತಿ ಹಾಕಿದ್ದವರು ಅದನ್ನು ಆರಿಸಲು ಫೋನ್ ಮೇಲೆ ಬೆರಳಾಡಿಸುತ್ತಿದ್ದರು, ಅದು ಆರುತ್ತಿರಲಿಲ್ಲ.

ಅವಳು ಮುಗಿಸಿದ ಕೂಡಲೇ ಅಧ್ಯಕ್ಷರು ಮೈಕಿಗೆ ಬಂದರು. ಪರಿಸ್ಥಿತಿ ಕೈಮೀರಿದಾಗ ಹೊಲಿಗೆ ಹಾಕುವುದು ಅವರ ವೃತ್ತಿಯ ಅಭ್ಯಾಸ. "ಇದು ಅಮೆರಿಕದ ಕಥೆ, ಮಗು ಶಾಲೇಲಿ ಓದಿದ್ದು," ಎಂದರು. "ನಮ್ಮ ಪುಣ್ಯ, ನಮ್ಮ ನಾಡಿನಲ್ಲಿ ಇಂಥದ್ದು ಇರಲಿಲ್ಲ."

ಮುಂದಿನ ಸಾಲಿನಲ್ಲಿ ಅಜ್ಜಿ ಕುರ್ಚಿಯ ಕೈ ಹಿಡಿದು ಎದ್ದು ನಿಂತರು.

"ಇದ್ಲುರೀ," ಎಂದರು. "ನಮ್ಮ ಮನ್ಯಾಗ ಇದ್ಲು."

ಶನಿವಾರದ ಕನ್ನಡ ಟೀಚರಾಗಿ ಇದೊಂದನ್ನು ನಾನು ಹೇಳಲೇಬೇಕು. ಅಧ್ಯಕ್ಷರು ಇಂಥದ್ದು ಇರಲಿಲ್ಲ ಎಂದಿದ್ದರು. ಅಜ್ಜಿ ಇತ್ತು ಎನ್ನಲಿಲ್ಲ.

ಅಜ್ಜಿಯವರು ಭಾವುಕರಾಗಿದ್ದಾರೆ, ಹಿರಿಯರು, ಹಳೆಯದೇನೋ ನೆನಪಾಗಿರಬೇಕು, ಎಲ್ಲವನ್ನೂ ಹಾಗೇ ನಂಬಬೇಕಾಗಿಲ್ಲ ಎಂದು ಅಧ್ಯಕ್ಷರು ನಗುತ್ತ ಹೇಳಿದರು. ಹುಡುಗಿ ಇನ್ನೂ ವೇದಿಕೆಯ ಮೇಲೇ ಇದ್ದಳು. ಅವರ ಕೈಯಿಂದ ಮೈಕನ್ನು ಒರಟಾಗಿಯೇನೂ ಅಲ್ಲ, ತರಗತಿಯಲ್ಲಿ ಪೆನ್ಸಿಲ್ ಇಸಿದುಕೊಳ್ಳುವ ಹಾಗೆ ಇಸಿದುಕೊಂಡಳು.

"ಅಜ್ಜಿ ಸುಳ್ಳು ಹೇಳಲ್ಲ," ಎಂದಳು. "ಸರ್ಟಿಫಿಕೇಟ್ ಬೇಕಿದ್ರೆ ನಾನು ಕೊಡ್ತೀನಿ."

ಆಮೇಲೆ ಭಜನೆ ಮಂಡಳಿಯವರು ಎತ್ತಿಕೊಂಡರು, ಎಂದಿಗಿಂತ ಜೋರಾಗಿಯೇ ಹಾಡಿದರು. ಬಿಸಿಬೇಳೆಬಾತಿನ ಸಾಲಿನಲ್ಲಿ ಮೈಕಿನ ಸದ್ದು ಹೆಚ್ಚಾಯಿತೆಂದು ಕೆಲವರು ಹೇಳಿದರು. ಮಗುವಿನ ಉಚ್ಚಾರಣೆ ಬಹಳ ಸ್ಪಷ್ಟ, ನೀವು ಚೆನ್ನಾಗಿ ಕಲಿಸಿದ್ದೀರಿ ಎಂದು ಒಬ್ಬರು ನನ್ನನ್ನು ಹೊಗಳಿದರು. ಹಾಲ್‌ನ ಮೂಲೆಯಲ್ಲಿ ಅಜ್ಜಿ ಮೊಮ್ಮಗಳು ಒಂದೇ ತಟ್ಟೆಯಲ್ಲಿ ತಿನ್ನುತ್ತಿದ್ದರು. ಈ ಸಲ ಅಜ್ಜಿ ನೆಟಿಗೆ ಮುರಿಯಲಿಲ್ಲ. ಅವರು ಏನೋ ಹೇಳುತ್ತಲೇ ಇದ್ದರು, ಹುಡುಗಿ ತಿನ್ನುವುದನ್ನು ಬಿಟ್ಟು ಕೇಳುತ್ತಲೇ ಇದ್ದಳು.

ಮುಂದಿನ ವರ್ಷದಿಂದ ಮಕ್ಕಳ ಬರಹಗಳನ್ನು ಸಮಿತಿ ಮೊದಲೇ ನೋಡಬೇಕೆಂದು ತೀರ್ಮಾನವಾಗಿದೆ. ನೋಡುವ ಸಮಿತಿಗೆ ನನ್ನನ್ನೇ ಹಾಕಿದ್ದಾರೆ.

ಅಜ್ಜಿ ಧಾರವಾಡಕ್ಕೆ ಹೋದರು. ಈಗ ಪ್ರತಿ ಭಾನುವಾರ ವಿಡಿಯೋ ಕಾಲ್‌ನಲ್ಲಿ ಹುಡುಗಿ ತನ್ನ ಅಂಕುಡೊಂಕು ಕನ್ನಡದಲ್ಲಿ, ಅಜ್ಜಿಯ ಮಾತಿನ ಛಾಯೆಯೂ ಸೇರಿ, ಹೆಸರು ಸಿಕ್ತೇನು ಎಂದು ಕೇಳುತ್ತಾಳಂತೆ. ಅಜ್ಜಿ ದೂರದ ನೆಂಟರನ್ನೆಲ್ಲ ಕೇಳಿದರು. ಯಾರಿಗೂ ನೆನಪಿಲ್ಲ. ಕೊನೆಗೆ ಗದುಗಿನಲ್ಲಿರುವ ತಮ್ಮ ಅಕ್ಕನನ್ನು ಕೇಳಿದರು. ಅಕ್ಕನಿಗೆ ತೊಂಬತ್ತರ ಹತ್ತಿರ, ಆದರೆ ನೆನಪು ಗಟ್ಟಿ. ನಮ್ಮ ಮನೆಯಲ್ಲಿದ್ದಳಲ್ಲ, ಬಳುವಳಿ ಬಂದಾಕಿ, ಆಕೆಯ ಹೆಸರೇನು ಎಂದರೆ, ಅಕ್ಕ ಮರುಪ್ರಶ್ನೆ ಹಾಕಿದರಂತೆ: "ಅವರೊಳಗ ಯಾವಾಕಿ?"

ಈ ಬರಹದಲ್ಲಿ ನಾನು ಯಾರ ಹೆಸರನ್ನೂ ಹಾಕಿಲ್ಲ. ಅಧ್ಯಕ್ಷರಿಗೆ ಮುಜುಗರವಾಗಬಾರದು, ಡಾಕ್ಟರಮ್ಮನಿಗೆ ತೊಂದರೆಯಾಗಬಾರದು, ಹುಡುಗಿ ಇನ್ನೂ ಚಿಕ್ಕವಳು. ನಮ್ಮ ನಮ್ಮ ಹೆಸರುಗಳನ್ನೆಲ್ಲ ಬೇಕೆಂದೇ ಬಿಟ್ಟಿದ್ದೇನೆ. ಆ ಹೆಂಗಸಿನ ಹೆಸರು ಸಿಕ್ಕಿದ್ದರೆ ಅದೊಂದನ್ನು ಬರೆಯುತ್ತಿದ್ದೆ.